ಹೇಮಗುಡ್ಡದ ಸೀಮೆಯಲ್ಲಿ ಕರಿಯ ಕುರಿಯ ಸಾಕಣೆಯೂ ಉಣ್ಣೆಯ ಜಾತ್ರೆಯೂ

ಒಕ್ಕಲುತನದಲ್ಲಿ ಯಾವ ಪದಾರ್ಥವೂ ವ್ಯರ್ಥವಾಗಕೂಡದೆಂಬುದು ಹಿರಿಯರು ನಡೆಸಿಕೊಂಡು ಬಂದ ನಿಯಮವಾಗಿರುತ್ತದೆ. ಜೋಳದ ಕಾಳು ಮನೆಗೆ, ಸೊಪ್ಪೆ ಎತ್ತಿಗೆ, ಕೂಳೆ ಭೂಮಿಗೆ ಎಂದು ಹಂಚಿಕೊಟ್ಟು ಬಾಳಿದವರು ಈ ನಾಡಿನ ರೈತರು. ಅಂಥ ನಾಡಿನಲ್ಲಿಯೇ ಒಂದು ಬೆಳೆಯು ವರ್ಷಕ್ಕೆ ಎರಡಾವರ್ತಿ ಕೊಯ್ಲಾಗಿ, ಕೊಳ್ಳುವವರಿಲ್ಲದೆ ಬೇಲಿಯ ಬುಡದಲ್ಲಿ ಬಿದ್ದು ಮಣ್ಣಾಗುತ್ತಿರುವುದು. ಅದು ಕುರಿಯ ಮೈಮೇಲೆ ಬೆಳೆಯುವ ಉಣ್ಣೆ. ಕತ್ತರಿಸುವವನ ಕೂಲಿಯೂ ಉಣ್ಣೆಯ ಬೆಲೆಯಿಂದ ಹುಟ್ಟದಿರುವುದರಿಂದ, ಅನೇಕ ಕುರಿಗಾರರು ಕೈಯಿಂದ ಹಣ ಕೊಟ್ಟು ಉಣ್ಣೆಯನ್ನು ಕತ್ತರಿಸಿ ಚೆಲ್ಲುವ ಸ್ಥಿತಿಗೆ ಬಂದಿರುತ್ತಾರೆ.

ಗಂಗಾವತಿ ತಾಲ್ಲೂಕಿನ ಹೇಮಗುಡ್ಡವು ಕೋಟೆಯ ಅವಶೇಷಗಳಿಂದಲೂ, ಶ್ರೀ ದುರ್ಗಾಪರಮೇಶ್ವರಿಯ ದೇವಸ್ಥಾನದಿಂದಲೂ, ಆನೆಯ ಮೇಲೆ ಅಂಬಾರಿ ಹೊರಡುವ ದಸರೆಯ ಮೆರವಣಿಗೆಯಿಂದಲೂ ಸುತ್ತಿನ ಜನರಿಗೆ ಚೆನ್ನಾಗಿ ಪರಿಚಿತವಾದ ಊರು. ಈ ಸೀಮೆಯ ಸಣ್ಣ ಹಿಡುವಳಿದಾರನು ಕೆಲವು ಕುರಿಗಳನ್ನು ಸಾಕಿ ಹೇಗೆ ಲಾಭ ಹೊಂದಬಹುದೆಂಬುದನ್ನೂ, ಬೇಲಿಯ ಬುಡಕ್ಕೆ ಬೀಳುವ ಉಣ್ಣೆಗೆ ಜಾತ್ರೆಯ ಮೂಲಕ ಹೇಗೆ ಬೆಲೆ ತರಬಹುದೆಂಬುದನ್ನೂ ಗ್ರಾಮದ ಗೌಡರ ಹಾಗೂ ಭೂಮಾಲೀಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶವು.

ಸೀಮೆಯ ಸ್ವರೂಪ

ಕೊಪ್ಪಳ, ಯಲಬುರ್ಗಾ, ಕುಷ್ಟಗಿ ತಾಲ್ಲೂಕುಗಳು ಬಹುಮಟ್ಟಿಗೆ ಒಣಬೇಸಾಯದ ಭೂಮಿಗಳು. ಮಳೆ ಕಡಮೆ, ಬಿದ್ದರೂ ಹದವರಿತು ಬೀಳುವುದೆಂಬ ಭರವಸೆಯಿಲ್ಲ. ಕಲ್ಲುಗುಡ್ಡಗಳ ನಡುವಣ ಮಸಾರಿಯಲ್ಲಿ ಸಜ್ಜೆ, ಶೇಂಗಾ, ಹುರುಳಿಗಳೂ, ಎರೆಯಲ್ಲಿ ಜೋಳ, ಕಡಲೆಗಳೂ ಬೆಳೆಯುವುವು. ಇಂಥ ಭೂಮಿಯಲ್ಲಿ ಬೆಳೆ ಕೈಕೊಟ್ಟ ವರ್ಷ ರೈತನನ್ನು ಉಳಿಸುವುದು ಹಟ್ಟಿಯಲ್ಲಿರುವ ಕುರಿಯೇ.

ಗಂಗಾವತಿಯ ಕಡೆಯ ಸ್ಥಿತಿ ಬೇರೆ. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟಿನ ಕಟ್ಟಡವು 1953ರಲ್ಲಿ ಮುಗಿದು, ಎಡದಂಡೆಯ ಕಾಲುವೆಯ ನೀರು ಹೊಲಗಳಿಗೆ ಹರಿದ ಮೇಲೆ ಅಲ್ಲಿ ಭತ್ತದ ಗದ್ದೆಗಳು ಹಬ್ಬಿದುವು. ಇದರಿಂದ ಅನ್ನ ಹೆಚ್ಚಿತೆಂಬುದು ನಿಜ. ಆದರೆ ವರ್ಷಕ್ಕೆರಡು ಬೆಳೆ ತೆಗೆಯುವ ಗದ್ದೆಯಲ್ಲಿ ಬೀಡುಬಿಡುವ ಭೂಮಿಯಿಲ್ಲ; ಬೀಡಿಲ್ಲದೆ ಕುರಿಗೆ ಮೇವಿಲ್ಲ. ಹೀಗಾಗಿ ಹಿಂಡುಗಳು ಗುಡ್ಡದ ಅಂಚಿಗೂ ಉಳಿದ ಗಾಯರಾಣಕ್ಕೂ ಒತ್ತರಿಸಲ್ಪಟ್ಟುವು. ಹೇಮಗುಡ್ಡದಂಥ ಊರುಗಳು ನೀರಾವರಿಗೂ ಗುಡ್ಡಕ್ಕೂ ನಡುವೆ ನಿಂತಿರುವುದರಿಂದ, ಗುಡ್ಡದ ಹುಲ್ಲು, ಕೊಯ್ಲಾದ ಗದ್ದೆಯ ಕೂಳೆ, ಒಣಹೊಲದ ಹೊಟ್ಟು ಈ ಮೂರೂ ಅಲ್ಲಿ ದೊರೆಯುವುವು. ಸಣ್ಣ ಹಿಂಡನ್ನು ಊರಲ್ಲೇ ಇಟ್ಟು ಸಾಕುವುದಕ್ಕೆ ಇದೊಂದು ಅನುಕೂಲವು.

ಎರಡು ತಳಿಗಳು

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ 1 ಕೋಟಿ 10 ಲಕ್ಷಕ್ಕೆ ಮೇಲ್ಪಟ್ಟು ಕುರಿಗಳಿದ್ದುವು. ಕುರಿಗಳ ಸಂಖ್ಯೆಯಲ್ಲಿ ತೆಲಂಗಾಣ, ಆಂಧ್ರಪ್ರದೇಶಗಳ ತರುವಾಯ ಮೂರನೆಯ ಸ್ಥಾನ ಈ ರಾಜ್ಯದ್ದು. ಕೊಪ್ಪಳ ಸೀಮೆಯಲ್ಲಿ ಮುಖ್ಯವಾಗಿ ಎರಡು ತಳಿಗಳನ್ನು ಕಾಣಬಹುದು.

ಮೊದಲನೆಯದು ದಕ್ಖನಿ. ಸಾಮಾನ್ಯವಾಗಿ ಕಪ್ಪು, ಇಲ್ಲವೆ ಕಪ್ಪು ಬಿಳಿ ಬೆರೆತ ಮೈಬಣ್ಣ, ಇಳಿಬಿದ್ದ ಕಿವಿ, ಉಬ್ಬಿದ ಮೂಗು. ದಿನವೆಲ್ಲ ನಡೆದು ಮೇಯುವ ತಾಳ್ಮೆಯುಳ್ಳದ್ದು. ಬಿಸಿಲನ್ನೂ ಬರವನ್ನೂ ಸಹಿಸುವುದು. ಮೈಮೇಲೆ ಒರಟಾದ ಉಣ್ಣೆಯನ್ನು ಹೊರುವುದು. ಎರಡನೆಯದು ಕೆಂಗುರಿ. ಹೆಸರೇ ತಿಳಿಸುವಂತೆ ಕೆಂಪು-ಕಂದು ಬಣ್ಣದ, ಉಣ್ಣೆಯಿಲ್ಲದೆ ಕೂದಲಷ್ಟೇ ಇರುವ, ಮಾಂಸಕ್ಕೆಂದೇ ಸಾಕುವ ಕುರಿಯಿದು. ರಾಯಚೂರು, ಕೊಪ್ಪಳ ಜಿಲ್ಲೆಗಳೇ ಇದರ ತವರು.

ಮಾಂಸದ ಬೆಲೆ ಏರಿ ಉಣ್ಣೆಯ ಬೆಲೆ ಇಳಿದುದರಿಂದ, ಕರಿಯ ಕುರಿಯ ಹಿಂಡಿಗೆ ಕೆಂಗುರಿಯ ಅಥವಾ ಪರಸ್ಥಳದ ಕೂದಲು ಕುರಿಯ ಟಗರನ್ನು ಬಿಡುವ ಪದ್ಧತಿ ಹೆಚ್ಚಿರುತ್ತದೆ. ರೈತನ ದೃಷ್ಟಿಯಿಂದ ಇದರಲ್ಲಿ ತಪ್ಪೆಣಿಸುವಂತಿಲ್ಲ. ಬೆಲೆಯಿಲ್ಲದ ಉಣ್ಣೆಗಾಗಿ ಯಾರೂ ಕುರಿಯನ್ನು ಸಾಕಲಾರರು. ಕೆಂಗುರಿಯೂ ಈ ನೆಲದ್ದೇ ಆದ ಒಳ್ಳೆಯ ತಳಿಯೇ. ಆದರೆ ಒಂದು ಊರಿನ ಟಗರುಗಳೆಲ್ಲ ಕೂದಲು ಕುರಿಯವಾದರೆ, ಕೆಲವೇ ತಲೆಮಾರುಗಳಲ್ಲಿ ಆ ಊರಿನ ಹಿಂಡಿನ ಉಣ್ಣೆಯೆಲ್ಲ ಅಳಿದುಹೋಗುವುದು. ಆಮೇಲೆ ಉಣ್ಣೆಗೆ ಬೆಲೆ ಬಂದರೂ ಕುರಿ ಇರದು. ತಳಿಯನ್ನು ಕಳೆದುಕೊಳ್ಳುವುದಕ್ಕೆ ಹತ್ತು ವರ್ಷ ಸಾಕು. ಮರಳಿ ಕಟ್ಟುವುದಕ್ಕೆ ಒಬ್ಬನ ಆಯುಷ್ಯವೂ ಸಾಲದು. ಗ್ರಾಮದ ಹಿರಿಯರು ಯೋಚಿಸಬೇಕಾದ ಮುಖ್ಯ ಸಂಗತಿ ಇದೇ ಆಗಿರುತ್ತದೆ.

ಸಣ್ಣ ಹಿಡುವಳಿಯಲ್ಲಿ ಕುರಿ ಸಾಕಣೆ

ನಾಲ್ಕೈದು ಎಕರೆ ಒಣಭೂಮಿಯುಳ್ಳ ರೈತನಿಗೆ 20 ಹೆಣ್ಣು ಕುರಿ, ಒಂದು ಟಗರು, ಇಷ್ಟು ತಕ್ಕ ಹಿಂಡು. 25ರಿಂದ 30 ಹೆಣ್ಣು ಕುರಿಗಳವರೆಗೆ ಒಂದು ಟಗರು ಸಾಕಾಗುವುದು. ಅದೇ ಟಗರನ್ನು ಎರಡು ವರ್ಷಕ್ಕೆ ಮೇಲೆ ಹಿಂಡಿನಲ್ಲಿ ಇಡಕೂಡದು. ಇಟ್ಟರೆ ತನ್ನ ಮರಿಗಳನ್ನೇ ಕೂಡಿ ಸಂತಾನವು ಕುಗ್ಗುವುದು. ನೆರೆಯೂರಿನ ಟಗರಿನೊಡನೆ ಅದಲುಬದಲು ಮಾಡಿಕೊಂಡರೆ ಖರ್ಚಿಲ್ಲದೆ ಕೆಲಸವಾಗುವುದು.

ಕುರಿಯ ಗರ್ಭಾವಧಿಯು ಸುಮಾರು 150 ದಿನಗಳು. ಮುಂಗಾರಿನ ಹಸಿರು ಚಿಗುರಿದ ಕಾಲದಲ್ಲಿ ಟಗರನ್ನು ಬಿಟ್ಟರೆ, ಸುಗ್ಗಿಯ ಹೊಟ್ಟು ಹಿಂಡಿಗೆ ಸಿಕ್ಕುವ ಕಾಲಕ್ಕೆ ಮರಿಗಳು ಬೀಳುವುವು. ಟಗರು ಬಿಡುವುದಕ್ಕೆ ಎರಡು ಮೂರು ವಾರ ಮೊದಲಿನಿಂದ ಹೆಣ್ಣು ಕುರಿಗಳಿಗೆ ದಿನಕ್ಕೆ ಕಾಲು ಕಿಲೋದಷ್ಟು ಕಾಳು ಕೊಟ್ಟರೆ ಗರ್ಭ ನಿಲ್ಲುವ ಪ್ರಮಾಣ ಹೆಚ್ಚುವುದು. ಗರ್ಭದ ಕೊನೆಯ ಒಂದೂವರೆ ತಿಂಗಳು ಪುನಃ ಹಾಗೆಯೇ ಪೋಷಿಸತಕ್ಕದ್ದು.

ಮೇವಿನ ವಿಷಯದಲ್ಲಿ ಶೇಂಗಾ, ತೊಗರಿ, ಹುರುಳಿಗಳ ಹೊಟ್ಟನ್ನು ಮಾರದೆ ಬಣವೆ ಹಾಕಿ ಬೇಸಗೆಗೆ ಉಳಿಸಿಕೊಳ್ಳಬೇಕು. ಬದುವಿನ ಮೇಲೆ ಅಗಸೆ, ಸೂಬಾಬುಲ್ ಗಿಡಗಳನ್ನು ನೆಟ್ಟರೆ ಹೊಲದ ಅಗಲ ಕಡಮೆಯಾಗದೆ ಹಸಿಸೊಪ್ಪು ಸಿಕ್ಕುವುದು. ಜಾಲಿಯ ಒಣಕಾಯಿಗಳನ್ನು ಉದುರಿಸಿ ಹಿಂಡಿಗೆ ಹಾಕುವ ಹಳೆಯ ರೂಢಿಯೂ ಒಳ್ಳೆಯದೇ.

ಮೇಯಿಸುವಾಗ ಎರಡು ವಿಷಯಗಳಲ್ಲಿ ವಿಶೇಷ ಎಚ್ಚರಿಕೆ ಬೇಕು. ಮೊದಲನೆಯದು, ಮಳೆ ತಪ್ಪಿ ಕುಗ್ಗಿ ಬಾಡಿದ ಎಳೆಯ ಜೋಳದ ಪೈರು. ಅದರಲ್ಲಿ ಉಗ್ರವಾದ ವಿಷವು ಕೂಡಿಕೊಂಡಿರುವುದರಿಂದ, ಹಸಿದ ಕುರಿ ಮೇದರೆ ಗಳಿಗೆಯಲ್ಲಿ ಸಾಯಬಹುದು. ಎರಡನೆಯದು, ಕಾಲುವೆಯ ಅಂಚಿನ ಜವಳು ನೆಲ. ಅಲ್ಲಿನ ಬಸವನಹುಳುಗಳಿಂದ ಹುಟ್ಟುವ ಚಪ್ಪಟೆ ಹುಳುಗಳು ಹುಲ್ಲಿನೊಡನೆ ಕುರಿಯ ಹೊಟ್ಟೆ ಸೇರಿ ಯಕೃತ್ತನ್ನು ಕೊರೆಯುವುವು. ಕುರಿ ಬಿಳಿಚಿಕೊಂಡು ದವಡೆಯ ಕೆಳಗೆ ಬಾವು ಕಂಡರೆ ಈ ಹುಳುವೆಂದು ಶಂಕಿಸಿ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು. ಭತ್ತದ ಗದ್ದೆಯಲ್ಲಿ ಕೂಳೆ ಮೇಯಿಸುವುದಾದರೆ ನೆಲ ಪೂರ್ಣವಾಗಿ ಒಣಗಿದ ಮೇಲೆ, ಔಷಧಿ ಸಿಂಪಡಿಸಿದ್ದಿಲ್ಲವೆಂದು ಖಂಡಿತ ಮಾಡಿಕೊಂಡು ಮೇಯಿಸಬೇಕು.

ಮಳೆಗೆ ಮುಂಚೆ ಕರುಳುಬೇನೆಯ ಚುಚ್ಚುಮದ್ದನ್ನು ತಪ್ಪದೆ ಹಾಕಿಸತಕ್ಕದ್ದು. ಹಿರೇಬೇನೆ, ಕುರಿ ಸಿಡುಬು, ನುಸಿಗಳಿಂದ ಹರಡುವ ನೀಲಿನಾಲಿಗೆ ರೋಗ, ಇವುಗಳಿಗೂ ಚುಚ್ಚುಮದ್ದುಗಳಿವೆ. ರೋಗ ಬಂದ ಮೇಲೆ ಮದ್ದು ಹುಡುಕುವುದಕ್ಕಿಂತ ಬಾರದಂತೆ ತಡೆಯುವುದರ ಖರ್ಚು ಬಹಳ ಸ್ವಲ್ಪ.

ರಾತ್ರಿಯ ದೊಡ್ಡಿಯಲ್ಲಿ ಬೆಳೆದ ಕುರಿಯೊಂದಕ್ಕೆ ಸುಮಾರು ಹತ್ತು ಚದರ ಅಡಿಯ ಸ್ಥಳವಿರಬೇಕು; ನೆಲ ಎತ್ತರವಾಗಿ ಒಣಗಿರಬೇಕು. ಈ ಸೀಮೆಯಲ್ಲಿ ತೋಳದ ಕಾಟವೂ ಉಂಟು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಧಾಮವೊಂದಿರುವುದನ್ನು ಬಹುಜನರು ಬಲ್ಲರು. ತೋಳವನ್ನು ಕೊಲ್ಲುವುದು ಕಾನೂನಿಗೆ ವಿರೋಧ. ಆಳೆತ್ತರದ ಬೇಲಿ, ಎರಡು ಒಳ್ಳೆಯ ನಾಯಿ, ಸಂಜೆಗೆ ಮುಂಚೆ ಮರಿಗಳನ್ನು ಎಣಿಸಿ ಒಳಗೆ ಹಾಕುವ ಅಭ್ಯಾಸ, ಇವೇ ಸರಿಯಾದ ರಕ್ಷಣೆ. ನಷ್ಟವಾದರೆ ಅರಣ್ಯ ಇಲಾಖೆಗೆ ಕೂಡಲೆ ತಿಳಿಸಿ ಪರಿಹಾರವನ್ನು ಕೇಳತಕ್ಕದ್ದು.

ಇನ್ನು ಗೊಬ್ಬರ. ಒಂದು ಕುರಿ ಒಂದು ರಾತ್ರಿಗೆ ಸುಮಾರು ಅರ್ಧ ಕಿಲೋ ಹಿಕ್ಕೆ ಹಾಕುವುದು. ಇಪ್ಪತ್ತು ಕುರಿಗಳಿಂದ ವರ್ಷಕ್ಕೆ ಮೂರೂವರೆ ಟನ್ನಿನಷ್ಟಾಯಿತು. ಕುರಿಗೊಬ್ಬರದಲ್ಲಿ ಸಾರಜನಕವು ನೂರಕ್ಕೆ ಮೂರರಷ್ಟಿದ್ದರೆ, ಸಾಮಾನ್ಯ ತಿಪ್ಪೆಗೊಬ್ಬರದಲ್ಲಿ ನೂರಕ್ಕೆ ಅರ್ಧದಷ್ಟು ಮಾತ್ರ. ಹಿಂಡನ್ನು ಹೊಲದಲ್ಲಿಯೇ ತರುಬಿದರೆ ಹಿಕ್ಕೆಯೊಡನೆ ಗಂಜಲವೂ ಭೂಮಿಗೆ ಸೇರುವುದು. ದೂರದ ಕುರಿಗಾರರಿಗೆ ಕಾಳು ಹಣ ಕೊಟ್ಟು ಹೊಲದಲ್ಲಿ ಕುರಿ ನಿಲ್ಲಿಸುವ ಭೂಮಾಲೀಕರಿಗೆ ಇದರ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಉಣ್ಣೆಯ ಲೆಕ್ಕ

ಮರಿಯ ಮಾರಾಟಕ್ಕೆ ಕೂಕನಪಳ್ಳಿಯ ಸಂತೆಯಿದೆ, ಕೆರೂರಿನ ಸಂತೆಯಿದೆ; ಗೊಬ್ಬರಕ್ಕೆ ಸ್ವಂತ ಹೊಲವಿದೆ. ಉಣ್ಣೆಗೆ ಮಾತ್ರ ಹಾದಿಯಿಲ್ಲ. ಇದರ ಕಾರಣವನ್ನು ಲೆಕ್ಕದಿಂದ ತಿಳಿಯಬಹುದು.

ದಕ್ಖನಿ ಕುರಿಯು ಎರಡು ಕತ್ತರಿಗಳಿಂದ ವರ್ಷಕ್ಕೆ ಅರ್ಧದಿಂದ ಮುಕ್ಕಾಲು ಕಿಲೋ ಉಣ್ಣೆ ಕೊಡುವುದು. ಮೇಲೆ ಹೇಳಿದ ಹಿಂಡಿನಿಂದ 10ರಿಂದ 15 ಕಿಲೋ ಆಗುವುದು. ಮಣ್ಣು, ಮುಳ್ಳು, ಜಿಡ್ಡು ಕಳೆದರೆ ಕಾಲು ಭಾಗ ಹೋಗುವುದು. ಒಂದು ಕಂಬಳಿಗೆ ಎರಡರಿಂದ ಮೂರು ಕಿಲೋ ಹಸನಾದ ಉಣ್ಣೆ ಬೇಕು. ಎಂದರೆ ಒಂದು ಮನೆಯ ಉಣ್ಣೆಯಿಂದ ವರ್ಷಕ್ಕೆ ಮೂರು ನಾಲ್ಕು ಕಂಬಳಿಗಳು. ಇಷ್ಟಕ್ಕಾಗಿ ವ್ಯಾಪಾರಿಯು ಊರಿಗೆ ಬರುವುದಿಲ್ಲ. ನೇಕಾರನು ಮಗ್ಗ ಹೂಡುವುದಿಲ್ಲ. ಆದರೆ ಅಂಥ 25 ಮನೆಗಳ ಉಣ್ಣೆ ಒಂದು ಕಡೆ ಕೂಡಿದರೆ 75ರಿಂದ 110 ಕಂಬಳಿಗಳಾಗುವುವು. ಅಲ್ಲಿಗೆ ಅದು ಸರಕೆನಿಸುವುದು. ಒಬ್ಬನ ಉಣ್ಣೆ ಕಸ, ಊರಿನ ಉಣ್ಣೆ ಸರಕು ಎಂಬುದು ಈ ಲೆಕ್ಕದ ಸಾರಾಂಶ.

ಈ ಉಣ್ಣೆಯ ಗುಣವನ್ನು ಕುರಿತು ಒಂದು ತಪ್ಪು ತಿಳಿವಳಿಕೆ ಉಂಟು. ಇದರ ಎಳೆಯ ದಪ್ಪ ಸುಮಾರು 50 ಮೈಕ್ರಾನ್. ಮೆರಿನೋ ಉಣ್ಣೆಯದು 20ರ ಆಸುಪಾಸು. ಆದುದರಿಂದ ಇದು ಕೀಳೆಂದು ಎಣಿಸಿ, ಕಳೆದ ಶತಮಾನದಲ್ಲಿ ಮೆರಿನೋ, ರಾಂಬೂಲೆ ಮೊದಲಾದ ಪರದೇಶದ ಟಗರುಗಳನ್ನು ದಕ್ಖನಿಗೆ ಕೂಡಿಸುವ ಪ್ರಯತ್ನಗಳು ನಡೆದುವು. ಆದರೆ ನಯವಾದ ಉಣ್ಣೆಗೆ ತಂಪು ಹವೆಯೂ ಪುಷ್ಟಿಯಾದ ಮೇವೂ ಬೇಕು. ಬಿಸಿಲಲ್ಲಿ ಹರದಾರಿಗಟ್ಟಲೆ ನಡೆದು ಮೇಯುವ ಹಿಂಡಿಗೆ ಅದು ಒಗ್ಗುವಂತಿಲ್ಲ. ಅಲ್ಲದೆ ಒರಟು ಎಳೆಗೆ ತನ್ನದೇ ಆದ ಉಪಯೋಗಗಳಿವೆ. ಬಿಗಿಯಾಗಿ ನೇದ ಕರಿಕಂಬಳಿಯ ಮೇಲೆ ಮಳೆಹನಿ ಜಾರುವುದು. ಉಣ್ಣೆಯು ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಯೂ ಮೈಗೆ ಒದ್ದೆಯೆನಿಸದು. ಬೆಂಕಿಯ ಕಿಡಿ ಬಿದ್ದರೆ ಹೊತ್ತಿ ಉರಿಯದೆ ಕರಿಕಾಗಿ ಆರುವುದು. ನೆಲಹಾಸು, ಚೀಲ, ಗೋಡೆಯ ತೂಗುಬಟ್ಟೆ, ಇವಕ್ಕೆ ಬೇಕಾದುದು ಮೃದುತ್ವವಲ್ಲ, ಬಾಳಿಕೆಯೇ.

ಕತ್ತರಿಯಿಂದ ಮಗ್ಗದವರೆಗೆ

ಹಾಲುಮತದವರ ಮನೆಗಳಲ್ಲಿ ಕಂಬಳಿಯು ಕೇವಲ ಹೊದಿಕೆಯಾಗಿರಲಿಲ್ಲ. ದೇವರ ಕಾರ್ಯಕ್ಕೆ ಕಂಬಳಿಯ ಗದ್ದುಗೆಯೇ ಆಗಬೇಕು. ಮೈಲಾರಲಿಂಗನ ಗೊರವರು ಮೈಮೇಲೆ ಧರಿಸುವುದೂ ಕಂಬಳಿಯನ್ನೇ. ಹೊಲ ಕಾಯುವವನಿಗೆ ಮಳೆಯಲ್ಲಿ ಕೊಪ್ಪೆ, ಚಳಿಯಲ್ಲಿ ಹೊದಿಕೆ, ರಾಶಿಯ ಕಾಲದಲ್ಲಿ ಹಾಸು ಅದೇ ಆಗಿದ್ದಿತು.

ಈ ಕೆಲಸದ ಕ್ರಮವಿದು. ಕುರಿಯನ್ನು ಮುನ್ನಾದಿನ ಹಳ್ಳದಲ್ಲಿ ಮೈತೊಳೆದು ಒಣಗಿಸಿ, ಮರುದಿನ ಕತ್ತರಿಸುವರು. ಉಣ್ಣೆಯನ್ನು ಬಿಡಿಸಿ, ಹಿಂಜಿ, ಹಂಜಿ ಮಾಡುವರು. ಹೆಂಗಸರು ರಾಟೆಯಲ್ಲಿ ನೂಲುವರು. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿಯನ್ನು ಹಚ್ಚಿ ಬಿರುಸು ಮಾಡಿ, ಕುಣಿಮಗ್ಗದಲ್ಲಿ ನೇಯುವರು. ಇದರಲ್ಲಿ ಎಲ್ಲಕ್ಕೂ ಹೆಚ್ಚು ಕಾಲ ಹಿಡಿಯುವುದು ನೂಲುವುದೇ. ಆದರೂ ಮಾರಾಟದ ಹಣದಲ್ಲಿ ಕಡೆಯ ಪಾಲು ನೂಲುವವಳದು. ಸೊಸೆಯಂದಿರು ರಾಟೆಯನ್ನು ಅಟ್ಟಕ್ಕೇರಿಸಿ ಕೂಲಿಗೆ ಹೊರಡುವುದಕ್ಕೆ ಸೋಮಾರಿತನವು ಕಾರಣವಲ್ಲ, ಕೂಲಿಯ ಲೆಕ್ಕವೇ ಕಾರಣ. ನೂಲು ನಿಂತರೆ ಮಗ್ಗ ನಿಲ್ಲುವುದು. ಮಗ್ಗ ನಿಂತರೆ ಕರಿಯ ಕುರಿ ಅಳಿಯುವುದು. ಉಣ್ಣೆಯ ಉದ್ಯೋಗವನ್ನು ಎತ್ತಿ ನಿಲ್ಲಿಸಬೇಕೆನ್ನುವವರು ಮೊದಲು ನೂಲುವ ಕೈಗೆ ತಕ್ಕ ಕೂಲಿಯನ್ನು ಕಟ್ಟಬೇಕು.

ಇದರ ಮೇಲೆ ಪಾಣಿಪತ್ತಿನ ಯಂತ್ರಗಳಲ್ಲಿ ಹಳೆಯ ಬಟ್ಟೆಯ ನೂಲಿನಿಂದ ಆದ ಅಗ್ಗದ ಹೊದಿಕೆಗಳು ಸಂತೆಗಳಲ್ಲಿ ತುಂಬಿರುತ್ತವೆ. ಬೆಲೆಯಲ್ಲಿ ಅವುಗಳೊಡನೆ ಹೋರಾಡುವುದು ಕೈಮಗ್ಗಕ್ಕೆ ಆಗದ ಮಾತು. ಗುಣವನ್ನು ಬಲ್ಲ ಗಿರಾಕಿಯನ್ನು ಹುಡುಕುವುದೊಂದೇ ದಾರಿ. ಆ ಗಿರಾಕಿಯನ್ನು ಊರಿಗೇ ಕರೆತರುವ ಉಪಾಯವೇ ಉಣ್ಣೆಯ ಜಾತ್ರೆ.

ಅನ್ಯತ್ರ ನಡೆದ ದೃಷ್ಟಾಂತಗಳು

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ರೈತರು ಸಣ್ಣ ಹಿಡುವಳಿಗಳಲ್ಲಿ ಕಪ್ಪು, ಕಂದು, ಬೂದು, ಬಿಳಿ ಮೊದಲಾದ ಸಹಜ ಬಣ್ಣಗಳ ನಾಡಕುರಿಗಳನ್ನು ಸಾಕುತ್ತಾರೆ. ಅಲ್ಲಿ 2010ರಲ್ಲಿ ‘ಉಣ್ಣೆಯ ವಾರ’ವೆಂಬ ಉತ್ಸವವನ್ನು ಆರಂಭಿಸಿದರು. ಸೆಪ್ಟೆಂಬರ್ ಕೊನೆಯ ವೇಳೆಗೆ, ಎಂದರೆ ಹೆಚ್ಚುಕಡಮೆ ದಸರೆಯ ಕಾಲದಲ್ಲಿಯೇ, ದೇಶದೇಶಗಳ ಹೆಣಿಗೆಯವರು ಅಲ್ಲಿಗೆ ಬಂದು ಕುರಿಯನ್ನು ನೋಡಿ, ನೂಲುವುದನ್ನು ಕಲಿತು, ನೂಲನ್ನು ಕೊಂಡೊಯ್ಯುವರು. ಇಂಗ್ಲೆಂಡಿನ ಕಂಬ್ರಿಯಾ ಸೀಮೆಯ ಕಾಕರ್‌ಮೌತ್ ಎಂಬ ಊರಿನಲ್ಲಿ 2005ರಲ್ಲಿ ಇಂಥದೇ ಜಾತ್ರೆಯನ್ನು ಆರಂಭಿಸಿದ್ದು ಉಣ್ಣೆಯ ಕೈಗೆಲಸದವರ ಒಂದು ಸಹಕಾರ ಸಂಘ. ಅದಕ್ಕೆ ಅವರು ಹೊಸ ಮಂಟಪ ಕಟ್ಟಲಿಲ್ಲ. ದನಕುರಿಗಳನ್ನು ಹರಾಜು ಹಾಕುವ ಅಂಗಳವೇ ಅವರ ಜಾತ್ರೆಯ ಬಯಲಾಯಿತು.

ದೂರದ ಮಾತೇಕೆ? ಹೇಮಗುಡ್ಡಕ್ಕೆ ಸಮೀಪದ ಹಂಪಿಯಲ್ಲಿ 2023ರ ಜುಲೈ ತಿಂಗಳಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ನಡೆದಾಗ, ಸಂಡೂರಿನ ಕುಶಲಕಲಾ ಕೇಂದ್ರದ ಲಂಬಾಣಿ ಹೆಣ್ಣುಮಕ್ಕಳು ತಮ್ಮ ಕಸೂತಿಯ 1755 ವಸ್ತುಗಳನ್ನು ಒಂದೆಡೆ ಹರಡಿ ಗಿನ್ನೆಸ್ ದಾಖಲೆಗೆ ಪಾತ್ರರಾದರು. ಸಂಡೂರಿನ ಈ ಕಸೂತಿಗೂ, ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಗೊಂಬೆಗಳಿಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿರುತ್ತದೆ. ತಾಂಡಾದ ಸೂಜಿಗೂ ಕಿನ್ನಾಳದ ಉಳಿಗೂ ಬಂದ ಮರ್ಯಾದೆಯು ಕುರುಬರ ಮಗ್ಗಕ್ಕೆ ಬಾರದಿರಲು ಕಾರಣವಿಲ್ಲ. ದಕ್ಖನಿ ಉಣ್ಣೆಯಿಂದಲೇ ರೂಪಿಸಿದ ಬೊಂಬೆಗಳನ್ನು ಚಲಿಸುವಂತೆ ತೋರಿಸಿ ತೆಗೆದ ‘ದೇಸಿ ಊನ್’ ಎಂಬ ಕಿರುಚಿತ್ರವು 2025ರಲ್ಲಿ ಫ್ರಾನ್ಸಿನ ಆನ್ಸಿ ಚಿತ್ರೋತ್ಸವದಲ್ಲಿ ಬಹುಮಾನ ಪಡೆಯಿತು. ವಿಶ್ವಸಂಸ್ಥೆಯು 2026ನೆಯ ವರ್ಷವನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿತು. ಹೀಗೆ ಹೊರಗಿನ ಲೋಕದ ದೃಷ್ಟಿ ಕರಿಯ ಉಣ್ಣೆಯ ಕಡೆಗೆ ತಿರುಗಿದೆ. ಆ ದೃಷ್ಟಿಯನ್ನು ರೈತನ ಅಂಗಳದವರೆಗೆ ತರುವ ಕೆಲಸ ಮಾತ್ರ ಬಾಕಿಯಿರುತ್ತದೆ.

ಜಾತ್ರೆಯನ್ನು ನಡೆಸುವ ಕ್ರಮ

ಹೇಮಗುಡ್ಡದ ನವರಾತ್ರಿಗೆ ಜನ ತಾವಾಗಿಯೇ ಕೂಡುವರು. ದೇವಸ್ಥಾನದವರ ಒಪ್ಪಿಗೆ ಪಡೆದು, ಮೆರವಣಿಗೆಗೆ ಅಡ್ಡಿಯಾಗದ ಬಯಲಿನಲ್ಲಿ ಎರಡು ದಿನ ಉಣ್ಣೆಯ ಜಾತ್ರೆಯನ್ನು ಕೂಡಿಸಬಹುದು. ಕಾಲವೂ ಅನುಕೂಲವಾಗಿದೆ. ಮುಂಗಾರಿಗೆ ಮುನ್ನ ಕತ್ತರಿಸಿದ ಉಣ್ಣೆಯು ಮಳೆಗಾಲದಲ್ಲಿ ನೂಲಾಗಿ, ಕಂಬಳಿಯಾಗಿ, ಚಳಿ ಬೀಳುವುದಕ್ಕೆ ಮುಂಚೆ ಮಾರಾಟಕ್ಕೆ ಸಿದ್ಧವಾಗಿರುವುದು. ಮಳೆ ಕಳೆದ ಮೇಲೆ ಕತ್ತರಿಸಬೇಕಾದ ಉಣ್ಣೆಯು ಇನ್ನೂ ಕುರಿಯ ಮೈಮೇಲೆಯೇ ಇದ್ದು, ಕೊಳ್ಳುವವರು ಅದನ್ನು ಕಣ್ಣಾರೆ ನೋಡಿ ಬೆಲೆ ಮಾತನಾಡಬಹುದು. ನಡೆಸುವವರು ಈ ಕೆಳಗಿನ ನಿಯಮಗಳನ್ನು ಪಾಲಿಸಿದರೆ ಒಳ್ಳೆಯದು:—

1. ಉಣ್ಣೆಯನ್ನು ಮರಿಯ ಮೊದಲ ಕತ್ತರಿ, ಅಚ್ಚಕಪ್ಪು, ಕಂದು, ಬಿಳಿ, ಮಿಶ್ರ ಎಂದು ಐದಾಗಿ ವಿಂಗಡಿಸಿ ತರಬೇಕು. ಎಲ್ಲವನ್ನೂ ಬೆರೆಸಿದ ಚೀಲಕ್ಕೆ ಎಲ್ಲಕ್ಕೂ ಕೀಳಾದುದರ ಬೆಲೆಯೇ ಕಟ್ಟಲ್ಪಡುವುದು. ಹೊಟ್ಟೆಯ, ಬಾಲದ ಹೊಲಸು ಉಣ್ಣೆಯನ್ನು ಬೇರೆಯೇ ಇಡಬೇಕು.

2. ತೂಕವು ಎಲ್ಲರೆದುರಿಗೆ ನಡೆಯಬೇಕು. ದರವನ್ನು ಹಲಗೆಯ ಮೇಲೆ ಬರೆದು ನಿಲ್ಲಿಸಬೇಕು.

3. ಟಗರುಗಳ ಪ್ರದರ್ಶನದಲ್ಲಿ ಎತ್ತರ ತೂಕಗಳೊಡನೆ ಉಣ್ಣೆಯ ಬಣ್ಣವನ್ನೂ ದಟ್ಟಣೆಯನ್ನೂ ಎಣಿಸಿ ಬಹುಮಾನ ಕೊಡಬೇಕು. ಮೊದಲ ಬಹುಮಾನದ ಟಗರು ಆ ವರ್ಷ ಕಟುಕನಿಗೆ ಹೋಗದೆ ಊರ ಹಿಂಡುಗಳಲ್ಲಿ ಉಳಿಯುವ ಕರಾರಿನ ಮೇಲೆ ಬಹುಮಾನ ಸಲ್ಲತಕ್ಕದ್ದು.

4. ನೂಲುವ ಪಂದ್ಯದಲ್ಲಿ ವೇಗಕ್ಕಿಂತ ನೂಲಿನ ಸಮತೆಗೆ ಹೆಚ್ಚು ಅಂಕ ಕೊಡಬೇಕು. ಮುದುಕಿಯರು ಹುಡುಗಿಯರಿಗೆ ಕಲಿಸುವ ಚಪ್ಪರವೊಂದು ಬೇರೆಯಾಗಿರಲಿ. ಕಲಿಸುವವರಿಗೆ ದಿನದ ಕೂಲಿ ಸಲ್ಲಲಿ.

5. ಕಲೆಯ ವಿಭಾಗದಲ್ಲಿ ಹಳೆಯ ಕಂಬಳಿಗಳನ್ನೂ ಹೊಸ ವಸ್ತುಗಳನ್ನೂ ಅಕ್ಕಪಕ್ಕದಲ್ಲಿ ಇಡಬೇಕು. ಬಿಸಿನೀರು ಸಾಬೂನುಗಳಿಂದ ಉಣ್ಣೆಯನ್ನು ಒತ್ತಿ ಮಾಡುವ ನಮದಾ, ನೆಲಹಾಸು, ಚೀಲ, ಕಂಬಳಿಯ ಮೇಲೆ ಲಂಬಾಣಿ ಕಸೂತಿ, ಇವು ಹೊಸ ಗಿರಾಕಿಗಳನ್ನು ಸೆಳೆಯಬಲ್ಲುವು. ಪ್ರತಿಯೊಂದು ವಸ್ತುವಿನ ಮೇಲೂ ಕುರಿ ಸಾಕಿದ ಊರು, ನೂತವಳ ಹೆಸರು, ನೇದವನ ಹೆಸರು, ಬೆಲೆ, ಇಷ್ಟನ್ನು ಬರೆದಿರಬೇಕು.

6. ಬೆರಕೆ ಮಾಲಿಗೆ ಅವಕಾಶ ಕೊಡಕೂಡದು. ಒಂದೆಳೆಯನ್ನು ಕಿತ್ತು ಸುಟ್ಟು ನೋಡಿದರೆ ಪರೀಕ್ಷೆಯಾಗುವುದು. ಶುದ್ಧ ಉಣ್ಣೆಯು ಕೂದಲು ಸುಟ್ಟ ವಾಸನೆ ಬೀರಿ, ಪುಡಿಯಾಗುವ ಬೂದಿಯಾಗುವುದು. ಕೃತಕ ನೂಲು ಕರಗಿ ಗಟ್ಟಿಯಾದ ಗುಂಡಾಗುವುದು.

7. ಜಾತ್ರೆಗೆ ಬರುವ ಕುರಿಗಳಿಗೆ ಮೂರು ವಾರ ಮೊದಲೇ ಹಿರೇಬೇನೆ, ಸಿಡುಬುಗಳ ಚುಚ್ಚುಮದ್ದು ಆಗಿರಬೇಕು. ಕೆಮ್ಮುವ, ಮೂಗು ಸೋರುವ ಕುರಿಯನ್ನು ಬಾಗಿಲಲ್ಲೇ ತಡೆಯಬೇಕು. ಒಂದು ರೋಗಿ ಕುರಿಯಿಂದ ಜಾತ್ರೆಗೆ ಬಂದ ಊರುಗಳಿಗೆಲ್ಲ ಬೇನೆ ಹರಡಬಹುದು.

8. ಖರ್ಚು ವೆಚ್ಚವನ್ನು ಜಾತ್ರೆ ಮುಗಿದ ಹದಿನೈದು ದಿನಗಳಲ್ಲಿ ಚಾವಡಿಯಲ್ಲಿ ಓದಿ ಹೇಳಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳುವುದು ಅವಶ್ಯಕ. ಉತ್ಸವವೆಂದರೆ ದೀಪ, ವೇದಿಕೆ, ಹಾರ, ಭಾಷಣಗಳೆಂದು ತಿಳಿದು ಹಣವನ್ನೆಲ್ಲ ಅದಕ್ಕೆ ಸುರಿದು, ಉಣ್ಣೆಯ ಚೀಲವನ್ನು ತಂದ ರೈತನು ಅದನ್ನು ಹೊತ್ತುಕೊಂಡೇ ಹಿಂದಿರುಗುವಂತಾದರೆ, ಮರುವರ್ಷ ಅವನು ಬರುವುದಿಲ್ಲ. ಅವನ ಹಿಂಡಿಗೆ ಆ ವರ್ಷವೇ ಕೂದಲು ಕುರಿಯ ಟಗರು ಸೇರಿರುವುದು. ಆದುದರಿಂದ ಜಾತ್ರೆಗೆ ಮೊದಲೇ ಕೊಳ್ಳುವವರನ್ನು ಗೊತ್ತು ಮಾಡಿಕೊಂಡಿರಬೇಕು. ಖಾದಿ ಭಂಡಾರಗಳು, ಉಣ್ಣೆ ನೇಕಾರರ ಸಹಕಾರ ಸಂಘಗಳು, ರಾಜ್ಯದ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ, ಆನೆಗೊಂದಿ ಹಂಪಿಗಳಲ್ಲಿ ಯಾತ್ರಿಕರಿಗೆ ವಸತಿ ನಡೆಸುವವರು, ಇವರಿಗೆಲ್ಲ ಎರಡು ತಿಂಗಳು ಮುಂಚೆಯೇ ಪತ್ರ ಬರೆಯತಕ್ಕದ್ದು. ಮೊದಲ ವರ್ಷ ಜಾತ್ರೆ ಸಣ್ಣದಾಗಿದ್ದರೂ ಚಿಂತೆಯಿಲ್ಲ. ಬಂದ ಉಣ್ಣೆಯೆಲ್ಲ ಮಾರಾಟವಾದರೆ ಸಾಕು.

ಗ್ರಾಮದ ಹಿರಿಯರು ಮಾಡಬೇಕಾದುದು

ಸರ್ಕಾರದ ಇಲಾಖೆಗಳಿಂದ ಚುಚ್ಚುಮದ್ದು, ತಿಳಿವಳಿಕೆ, ಸಹಾಯಧನಗಳು ದೊರೆಯಬಹುದು. ಆದರೆ ಮೂರು ಕೆಲಸಗಳು ಗ್ರಾಮದ ಹಿರಿಯರಿಂದಲೇ ಆಗತಕ್ಕವು. ಗಾಯರಾಣವನ್ನು ಒತ್ತುವರಿಯಿಂದ ಉಳಿಸಿ, ಅದರಲ್ಲಿ ಒಂದು ಭಾಗವನ್ನು ಸರದಿಯ ಮೇಲೆ ಮಳೆಗಾಲದ ಎರಡು ತಿಂಗಳು ಮೇಯಿಸದೆ ಬಿಟ್ಟು ಹುಲ್ಲು ಬೀಜ ಕಟ್ಟಲು ಅವಕಾಶ ಕೊಡುವುದು ಒಂದು. ಊರಿಗೆ ಎರಡು ಮೂರಾದರೂ ಒಳ್ಳೆಯ ಕರಿಯ ದಕ್ಖನಿ ಟಗರುಗಳನ್ನು ಹಿರಿಯ ಭೂಮಾಲೀಕರು ತಮ್ಮ ಖರ್ಚಿನಿಂದ ಸಾಕಿ, ಸಣ್ಣ ರೈತರ ಹಿಂಡಿಗೆ ಒದಗಿಸುವುದು ಇನ್ನೊಂದು. ಮಾಂಸಕ್ಕೆಂದು ಕೆಂಗುರಿಯನ್ನು ಸಾಕುವವರು ಧಾರಾಳವಾಗಿ ಸಾಕಲಿ. ಎರಡು ತಳಿಗಳನ್ನು ಬೆರೆಸದೆ ಬೇರೆಬೇರೆಯಾಗಿ ಉಳಿಸಿಕೊಳ್ಳುವುದು ಮುಖ್ಯ. ಮೂರನೆಯದು, ನೂಲಿನ ಕೂಲಿಯನ್ನು ನ್ಯಾಯವಾಗಿ ಗೊತ್ತುಮಾಡಿ, ಅದು ನೂತವಳ ಕೈಗೇ ಸೇರುವಂತೆ ನೋಡಿಕೊಳ್ಳುವುದು.

1327ರಲ್ಲಿ ಕಂಪಿಲಿಯ ರಾಜ್ಯವು ಅಳಿದ ಮೇಲೂ ಈ ಗುಡ್ಡಗಳಲ್ಲಿ ಕುರಿ ಮೇಯುವುದು ನಿಲ್ಲಲಿಲ್ಲ. ಕೋಟೆಯ ಒಡೆಯರು ಬದಲಾದರು. ಕುರಿಗಾರನ ಹೆಗಲ ಮೇಲಿನ ಕಂಬಳಿ ಉಳಿಯಿತು. ಅದು ಈ ತಲೆಮಾರಿನ ಕಣ್ಣೆದುರಿಗೆ ಬೇಲಿಯ ಬುಡದಲ್ಲಿ ಕೊಳೆಯದಂತೆ ನೋಡಿಕೊಳ್ಳುವ ಹೊಣೆ ಊರಿನ ಹಿರಿಯರದು. ಮುಂದಿನ ಕತ್ತರಿಯ ಹೊತ್ತಿಗೆ ಪ್ರತಿ ಗ್ರಾಮದಲ್ಲಿಯೂ ಕರಿಯ ಕುರಿಗಳೆಷ್ಟು, ಉಣ್ಣೆಯೆಷ್ಟು, ನೂಲಬಲ್ಲ ಕೈಗಳೆಷ್ಟು, ಹೂಡಿದ ಮಗ್ಗಗಳೆಷ್ಟು ಎಂಬ ಪಟ್ಟಿಯೊಂದನ್ನು ಸಿದ್ಧಮಾಡಿಕೊಂಡರೆ, ಈ ಕಾರ್ಯದ ಅರ್ಧಭಾಗ ಆದಂತೆಯೇ ಸರಿ. ಆ ಪಟ್ಟಿಗೆ ಒಂದು ಸಂಜೆಯ ಬಿಡುವು ಸಾಕಾಗುವುದು.